ಸೋರುವ ಪಟ್ಟಿ

"ಜುಲೈ 9. ದೇವರ ಕೋಣೆ, ಹೊಸ್ತಿಲಿನಿಂದ ಮೂರು ಹೆಜ್ಜೆ ಒಳಗೆ. ಸಣ್ಣ ಚೊಂಬು ಸಾಕು. ಜಗಲಿಯ ಪಡು ಮೂಲೆ, ಬಕೆಟ್ ಬೇಕು, ಗಾಳಿ ಬಂದರೆ ಮಾತ್ರ. ನಡುಮನೆ ಕಂಬದ ಬುಡ. ಹೊಸತು."

ಅಕ್ಷರ ನನ್ನದೇ. ಹಾಲಿನ ಲೆಕ್ಕದ ಹಳೆಯ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಟ್ಟದ್ದು. ಈಗ ಓದುತ್ತಿರುವುದು ಫಾಲ್ಗುಣದ ಒಂದು ಮಧ್ಯಾಹ್ನ. ಅಂಗಳಕ್ಕೆ ಬರಿಗಾಲಿಡಲಾಗದ ಬಿಸಿಲು, ಬೇಲಿಯಾಚೆ ಉದುರಿದ ಗೇರುಹಣ್ಣಿನ ಹುಳಿವಾಸನೆ, ಹಗ್ಗಕ್ಕೆ ಹಾಕಿದ ಸೀರೆ ಅರ್ಧ ಗಂಟೆಯಲ್ಲಿ ಗರಿಗರಿ. ದೇವರ ಕೋಣೆಯ ಚೊಂಬು ನೆನಪಿದೆ, ಅದು ಪ್ರತಿವರ್ಷದ್ದು. ಜಗಲಿಯ ಬಕೆಟ್ಟೂ ನೆನಪಿದೆ, ರಾತ್ರಿ ಅದನ್ನು ಎಡವಿದವರು ಯಾರು ಎನ್ನುವುದೂ ನೆನಪಿದೆ. ಆದರೆ ನಡುಮನೆ ಕಂಬದ ಬುಡಕ್ಕೆ ನೀರು ಬಿದ್ದದ್ದು ನನ್ನ ತಲೆಯಿಂದ ಪೂರ್ತಿ ಅಳಿಸಿಹೋಗಿದೆ. ಎದ್ದು ಹೋಗಿ ನೋಡಿದೆ. ಒಣಗಿದ ಕೆಂಪು ಗಾರೆ ನೆಲ, ಎಣ್ಣೆಗಪ್ಪಿನ ಕಂಬ, ಒಂದು ಕಲೆಯೂ ಇಲ್ಲ.

ಮನೆ ತನ್ನ ದೋಷ ಹೇಳಿಕೊಳ್ಳುವುದು ಆಷಾಢದಲ್ಲಿ. ಅದನ್ನು ಸರಿಮಾಡಲಿಕ್ಕೆ ಆಗುವುದು ಫಾಲ್ಗುಣ, ಚೈತ್ರದಲ್ಲಿ. ನಡುವಿನ ಏಳೆಂಟು ತಿಂಗಳಲ್ಲಿ ಮನುಷ್ಯ ಎಲ್ಲ ಮರೆತಿರುತ್ತಾನೆ. ದೀಪಾವಳಿಗೆ ಗೋಡೆ ಒಣಗುತ್ತದೆ, ಸಂಕ್ರಾಂತಿಗೆ ಕಲೆ ಮಾಸುತ್ತದೆ, ಶಿವರಾತ್ರಿ ಹೊತ್ತಿಗೆ "ನಮ್ಮನೆ ಹಾಗೇನೂ ಸೋರೂದಿಲ್ಲ" ಎನ್ನುವ ಧೈರ್ಯವೇ ಬಂದುಬಿಡುತ್ತದೆ. ಪಂಚಾಂಗದ ಲೆಕ್ಕಕ್ಕೆ ಇದು ಶಿಶಿರ ಮುಗಿದು ವಸಂತ ಬರುವ ಹೊತ್ತು. ನಮ್ಮ ಕಡೆ ಇದು ಮಾಡು, ಅಂದರೆ ಮನೆಯ ಸೂರು, ಹತ್ತುವ ಕಾಲ.

ಪಟ್ಟಿ ಬರೆಯುವುದು ನಾನು ಶುರುಮಾಡಿದ್ದಲ್ಲ. ಅತ್ತೆಗೆ ಪುಸ್ತಕ ಬೇಕಿರಲಿಲ್ಲ. ಮಳೆಗಾಲದಲ್ಲಿ ಎಲ್ಲಿ ಹನಿ ಬಿತ್ತೋ ಅದರ ನೇರಕ್ಕೆ ಗೋಡೆಯ ಮೇಲೆ ಮಸಿಕೆಂಡದಲ್ಲಿ ಒಂದು ಗೀಟು ಎಳೆದಿಡುತ್ತಿದ್ದರು. ಜೋರಾಗಿ ಸೋರಿದರೆ ಎರಡು ಗೀಟು. ಮದುವೆಯಾಗಿ ಬಂದ ಮೊದಲ ವರ್ಷ, ಮಳೆ ನಿಂತ ಮೇಲೆ ನಾನು ಉತ್ಸಾಹದಿಂದ ಗೋಡೆ ಒರೆಸಿ ಅಷ್ಟನ್ನೂ ಅಳಿಸಿದ್ದೆ. ಆ ಬೇಸಿಗೆಯಲ್ಲಿ ಹಂಚಿನವನು ಬಂದು, "ಗೀಟು ಎಲ್ಲಿ?" ಎಂದು ಕೇಳಿದಾಗ ಅತ್ತೆ ನನ್ನ ಮುಖ ನೋಡಿದ ಬಗೆ ಇವತ್ತಿಗೂ ಮರೆಯುವಂಥದ್ದಲ್ಲ. ಬೈಯಲಿಲ್ಲ. ಮುಂದಿನ ಆಷಾಢದಲ್ಲಿ ಆರು ಕಡೆ ಪಾತ್ರೆ ಇಟ್ಟೆವು, ಅಷ್ಟೆ. ಅಂದಿನಿಂದ ನಾನು ಪುಸ್ತಕ ಇಟ್ಟೆ.

ನಾನು ಘಟ್ಟದ ಮೇಲಿನವಳು, ಶಿರಸಿ ಕಡೆಯ ತೋಟದ ಮನೆಯಲ್ಲಿ ಬೆಳೆದವಳು. ಕೊಟ್ಟದ್ದು ಘಟ್ಟದ ಕೆಳಗೆ, ಕುಮಟೆ ತಾಲೂಕಿನಲ್ಲಿ ಅಘನಾಶಿನಿ ಅಳಿವೆಯ ಹತ್ತಿರದ ಊರಿಗೆ. ದೇವಿಮನೆ ಘಟ್ಟ ಇಳಿದರೆ ಸುಮಾರು 60 ಕಿಲೋಮೀಟರ್ ದಾರಿ. ಆದರೆ ಎರಡು ಮನೆಗಳ ಬೇಸಿಗೆ ಕೆಲಸ ಬೇರೆ ಬೇರೆ. ತವರಿನ ಶತ್ರು ಬೂಷ್ಟು. ಗೋಡೆ, ಬಟ್ಟೆ, ಚಪ್ಪಲಿ, ದೇವರ ಪಟದ ಹಿಂಬದಿ, ಎಲ್ಲದಕ್ಕೂ ಬೂಷ್ಟು. ಇಲ್ಲಿಯ ಶತ್ರು ಉಪ್ಪು. ಇಲ್ಲಿ ಗಾಳಿಯೇ ಕಬ್ಬಿಣ ತಿನ್ನುತ್ತದೆ. ಬಾಗಿಲಿನ ತಿರುಗಣಿ, ಕಿಟಕಿಯ ಸರಳು, ಫ್ಯಾನಿನ ರೆಕ್ಕೆ, ಗ್ಯಾಸ್ ಒಲೆಯ ಕಾಲು, ಒಂದನ್ನೂ ಬಿಡುವುದಿಲ್ಲ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿ ಇಲ್ಲಿ ಕಡಲು ಸೇರುತ್ತಾಳೆ. ಹಾಗಾಗಿ ತವರಿನ ನೀರು ನನ್ನ ಹಿಂದೆಯೇ ಬಂದಿದೆ ಎಂದು ಅತ್ತೆ ತಮಾಷೆ ಮಾಡುವುದುಂಟು, ವಿಶೇಷವಾಗಿ ಅದು ಅಡುಗೆಮನೆಗೆ ಬಂದಾಗ.

ಮೊದಲು ಮಾಡಿನ ವಿಷಯ. ಬೇರೆಲ್ಲ ಕೆಲಸ ಇದರ ಹಿಂದೆ.

ನಮ್ಮ ಮನೆಗೆ ಮೂರು ಸಾವಿರದ ಹತ್ತಿರ ಮಂಗಳೂರು ಹಂಚು. ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ ಹದಿನೈದು ಹಂಚು ಬೇಕಾಗುತ್ತದೆ, ಅಂದರೆ ಮಾಡಿನ ಇಳಿಜಾರು 200 ಚದರ ಮೀಟರ್. ನೆಲದ ಲೆಕ್ಕಕ್ಕೆ ತಂದರೆ 170. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಮಗ ಶಾಲೆಯಲ್ಲಿದ್ದಾಗ ಒಮ್ಮೆ ಕೂತು ಗುಣಿಸಿ, "ಆಯಿ, ನಮ್ಮ ಮನೆ ತಲೆ ಮೇಲೆ ಐದು ಲಕ್ಷ ಲೀಟರ್ ನೀರು ಬೀಳ್ತು" ಎಂದ. 5,000 ಲೀಟರಿನ ನೂರು ಟ್ಯಾಂಕರ್. ಅಷ್ಟರಲ್ಲಿ ಮೂರು ಚೊಂಬು ಒಳಗೆ ಬಂದರೆ ಮಾಡಿನ ತಪ್ಪು ಎನ್ನಬೇಕೋ, ಮಾಡಿಗೆ ಕೈಮುಗಿಯಬೇಕೋ ಗೊತ್ತಾಗುವುದಿಲ್ಲ.

ಹಂಚಿನ ಮನೆಯ ಸೋರಿಕೆಯಲ್ಲಿ ಕಷ್ಟವಿರುವುದು ಹಂಚು ಬದಲಿಸುವುದರಲ್ಲಲ್ಲ, ಯಾವ ಹಂಚು ಎಂದು ಹುಡುಕುವುದರಲ್ಲಿ. "ತಂಗೀ, ಸೋರದು ಒಂದ್ ಕಡೆ, ಬೀಳದು ಇನ್ನೊಂದ್ ಕಡೆ" ಎಂದು ಅತ್ತೆ ಹೇಳುತ್ತಿದ್ದದ್ದು ಇದನ್ನೇ. ಒಡಕಿನಲ್ಲಿ ನುಗ್ಗಿದ ನೀರು ನೇರ ಕೆಳಗೆ ಬೀಳುವುದಿಲ್ಲ. ಹಂಚಿನ ಹೊಟ್ಟೆಗೆ ಅಂಟಿಕೊಂಡು ಇಳಿಯುತ್ತದೆ, ಹಂಚು ಕೂರುವ ಅಡ್ಡಪಟ್ಟಿ ರೀಪಿಗೆ ತಾಗಿದರೆ ರೀಪಿನುದ್ದಕ್ಕೆ ಅಡ್ಡ ಹೋಗುತ್ತದೆ, ರೀಪು ಹೊರುವ ಓರೆಮರ ಪಕಾಸಿಗೆ ಸಿಕ್ಕಿದರೆ ಅದರ ಅಡಿಯಲ್ಲಿ ಮಾರುಗಟ್ಟಲೆ ಇಳಿದು ಎಲ್ಲೋ ಒಂದು ಗಂಟಿನ ಹತ್ತಿರ ಹನಿಯಾಗಿ ಬೀಳುತ್ತದೆ. ಹನಿ ಬಿದ್ದಲ್ಲಿಂದ ಮೇಲಕ್ಕೆ, ಇಳಿಜಾರಿನ ನೆತ್ತಿಯ ಕಡೆಗೆ ಹುಡುಕಬೇಕು. ಹನಿಯ ನೇರ ಮೇಲಿದ್ದ ಹಂಚನ್ನು ತೆಗೆದು ಹೊಸದು ಹಾಕಿ ದುಡ್ಡು ತೆಗೆದುಕೊಂಡು ಹೋಗುವವರಿದ್ದಾರೆ. ಮುಂದಿನ ಮಳೆಗೆ ಅದೇ ಜಾಗದಲ್ಲಿ ಅದೇ ಹನಿ.

ಇದಕ್ಕೆ ಬೇಸಿಗೆಯಲ್ಲಿ ಮಾತ್ರ ಆಗುವ ಒಂದು ಪರೀಕ್ಷೆ ಇದೆ. ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಕಿಟಕಿ ಬಾಗಿಲು ಹಾಕಿ ಕತ್ತಲೆ ಮಾಡಿ ಮೇಲೆ ನೋಡಬೇಕು. ಒಡಕು, ಸರಿದ ಹಂಚು, ಇಲಿ ಎತ್ತಿದ ಸಂದು ಎಲ್ಲ ಬೆಳಕಿನ ಚುಕ್ಕಿಯಾಗಿ ಕಾಣುತ್ತವೆ. ಕಂಡದ್ದಕ್ಕೆ ಕೆಳಗಿನಿಂದಲೇ ಒಂದು ದರ್ಭೆಯನ್ನೋ ತೆಂಗಿನ ಹಿಡಿಕಡ್ಡಿಯನ್ನೋ ಸಿಕ್ಕಿಸಿಟ್ಟರೆ ಮೇಲೆ ಹತ್ತಿದವನಿಗೆ ಗುರುತು ಸಿಗುತ್ತದೆ. ಆದರೆ ಎಲ್ಲ ಸೋರಿಕೆಯೂ ಬೆಳಕು ಬಿಡುವುದಿಲ್ಲ. ಹಂಚಿನ ಅಂಚಿನ ಕಾಲುವೆಯಲ್ಲಿ ಪಾಚಿ, ಮಾವಿನ ಎಲೆ, ಗೋಳಿ ಹಣ್ಣಿನ ಬೀಜ ತುಂಬಿ ನೀರು ಹಿಂದಕ್ಕೆ ಉಕ್ಕಿ ಬರುವ ಸೋರಿಕೆ ಕತ್ತಲೆಯಲ್ಲಿ ಕಾಣದು. ನನ್ನ ಅಂದಾಜಿಗೆ ನಮ್ಮ ಮನೆಯಲ್ಲಿ ಅಂಥದ್ದೇ ಹೆಚ್ಚು. ಒಡೆದ ಹಂಚಿಗಿಂತ ಗುಡಿಸದ ಹಂಚಿನಿಂದ ಹೆಚ್ಚು ನೀರು ಕುಡಿದಿದ್ದೇವೆ.

ಈಗ ಹಂಚು ತೊಳೆಯಲು ಜೋರು ನೀರು ಚಿಮ್ಮುವ ಯಂತ್ರ ಬಂದಿದೆ. ಒಂದೇ ದಿನದಲ್ಲಿ ಇಡೀ ಮಾಡು ಹೊಸದರ ಹಾಗೆ ಕೆಂಪಾಗುತ್ತದೆ. ಪಕ್ಕದ ಊರಿನ ಒಂದು ಮನೆಯಲ್ಲಿ ಹಾಗೆ ಮಾಡಿಸಿದ್ದು ನೋಡಿ ನಮ್ಮವರಿಗೂ ಆಸೆಯಾಗಿತ್ತು. ನಾನು ಬೇಡ ಎಂದೆ. ಹಳೆಯ ಹಂಚಿನ ಮೇಲ್ಮೈಯೇ ಅದರ ಚರ್ಮ, ಆ ನೀರು ಪಾಚಿಯ ಜೊತೆ ಚರ್ಮವನ್ನೂ ಕೀಳುತ್ತದೆ. ಆಮೇಲೆ ಹಂಚು ನೀರು ಹೀರುತ್ತದೆ, ಮೊದಲಿಗಿಂತ ಬೇಗ ಪಾಚಿ ಕಟ್ಟುತ್ತದೆ. ಅಡಿಯಿಂದ ಮೇಲಕ್ಕೆ ನೀರು ಹೊಡೆದರಂತೂ ಸಂದಿಯೊಳಗೆ ನುಗ್ಗಿ ರೀಪು ನೆನೆಯುತ್ತದೆ. ತೆಂಗಿನ ನಾರಿನಲ್ಲಿ ಕೈಯಿಂದ ಉಜ್ಜುವುದು ನಿಧಾನ, ಸೊಂಟನೋವು, ಕೂಲಿ ಹೆಚ್ಚು. ಆದರೂ ಅದೇ ಸರಿ.

ಹಂಚಿನವನು ನಮ್ಮಲ್ಲಿಗೆ ಬರುವುದು ಇಪ್ಪತ್ತು ವರ್ಷದಿಂದ. ಮಾತು ಕಡಿಮೆ. ಹತ್ತುವ ಮೊದಲು ಅಂಗಳದಲ್ಲಿ ನಿಂತು ಮಾಡಿನ ಸಾಲನ್ನು ಕಣ್ಣಿನಲ್ಲೇ ಅಳೆಯುತ್ತಾನೆ. ಎಲ್ಲಿ ಸಾಲು ತಗ್ಗಿದೆಯೋ ಅಲ್ಲಿ ಹಂಚಿನ ತಪ್ಪಿಲ್ಲ. "ಹಂಚು ಸಮಾ ಅದೆ ಅಮ್ಮ, ರೀಪು ಸತ್ತದೆ" ಎನ್ನುತ್ತಾನೆ. ಹೋದ ವರ್ಷ ಅಂಥ ಮೂರು ರೀಪು ಬದಲಿಸಿದೆವು. ಬಿಚ್ಚಿದಾಗ ಕಂಡದ್ದು: ಮರ ಗಟ್ಟಿಯಾಗಿಯೇ ಇದೆ, ಮೊಳೆ ತುಕ್ಕು ಹಿಡಿದು ಉಬ್ಬಿ ಮರವನ್ನು ಸೀಳಿದೆ. ಮತ್ತೆ ಉಪ್ಪಿನ ಕೆಲಸ. ಈಗ ತುಕ್ಕು ಹಿಡಿಯದ ಸ್ಟೀಲಿನ ಮೊಳೆಯನ್ನೇ ಹೊಡೆಸುತ್ತೇವೆ. ಬೆಲೆ ಕೇಳಿ ಮೊದಲು ಹೌಹಾರಿದ್ದೆ, ಆದರೆ ಮೊಳೆಯಲ್ಲಿ ಉಳಿಸಿದ್ದನ್ನು ರೀಪಿನಲ್ಲಿ ಕಳೆಯುವುದು ಯಾವ ಲೆಕ್ಕ?

ಹಳೆಯ ಹಂಚು ಕೂಡಿಡುವ ವಿಷಯಕ್ಕೆ ಬಂದರೆ ನಮ್ಮ ಕಡೆಯವರೆಲ್ಲ ಒಂದೇ. ಕೊಟ್ಟಿಗೆಯ ಹಿಂದೆ ಎರಡು ಸಾಲು ಹಂಚು ನಿಲ್ಲಿಸಿಟ್ಟಿರದ ಮನೆಯಿಲ್ಲ. ಬ್ಯಾಂಕಿನಲ್ಲಿ ಇಡುಗಂಟು ಇದ್ದ ಹಾಗೆ. ಆದರೆ ಕಷ್ಟ ಬಂದಾಗ ಅದನ್ನು ತೆಗೆದರೆ ಕೂರುವುದೇ ಇಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಮೊದಲ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹಂಚಿನ ಕಾರ್ಖಾನೆಗಳಾದವು. ಎಲ್ಲವೂ ನೋಡಲಿಕ್ಕೆ ಒಂದೇ. ಆದರೆ ಒಬ್ಬರ ಅಚ್ಚಿನ ಕಾಲುವೆ ಇನ್ನೊಬ್ಬರ ಅಂಚಿಗೆ ಸರಿಯಾಗಿ ಕೂರುವುದಿಲ್ಲ. ಒಂದು ಬೆರಳಿನಷ್ಟು ಎತ್ತಿ ನಿಂತರೂ ಪಡುಗಾಳಿ ಮಳೆಯನ್ನು ಒಳಗೆ ತಳ್ಳುತ್ತದೆ. ಆದ್ದರಿಂದ ಹಂಚನ್ನು ಹಿಂದೆಮುಂದೆ ಮಾಡಿ ಬೆನ್ನಿನ ಮೇಲಿನ ಹೆಸರು, ಗುರುತು ನೋಡಿ ಬೇರೆ ಬೇರೆ ಜೋಡಿಸಿಡಬೇಕು. ನಮ್ಮ ಹಂಚಿನವನು ಇನ್ನೂ ಒಂದು ಉಪಾಯ ಮಾಡುತ್ತಾನೆ. ಮಾಡಿನಲ್ಲೇ ಬೇರೆ ಜಾತಿಯ ಹಂಚು ಬೆರೆತಿದ್ದರೆ ಅವನ್ನೆಲ್ಲ ತೆಗೆದು ಕೊಟ್ಟಿಗೆ ಮಾಡಿಗೆ ಹಾಕಿ, ಕೊಟ್ಟಿಗೆಯ ನಮ್ಮ ಜಾತಿಯ ಹಂಚನ್ನು ಮನೆಗೆ ತರುತ್ತಾನೆ. ದನಕ್ಕೆ ಒಂದೆರಡು ಹನಿ ಬಿದ್ದರೆ ಅದು ದೂರು ಹೇಳುವುದಿಲ್ಲ.

ತಾರಸಿ ಮನೆ ಕಟ್ಟಿದವರು ನಮ್ಮನ್ನು ನೋಡಿ ನಗುತ್ತಿದ್ದ ಕಾಲ ಒಂದಿತ್ತು. ಈಗ ಕುಮಟೆಯಿಂದ ಹೊನ್ನಾವರದವರೆಗೆ ರಸ್ತೆಯಲ್ಲಿ ಹೋಗುವಾಗ ಎಣಿಸಿ ನೋಡಿ, ಎಷ್ಟು ತಾರಸಿಗಳ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಮಾಡು ಹಾಕಿದ್ದಾರೆ. ಉಪ್ಪಿನ ಅಂಶ ಕಾಂಕ್ರೀಟಿನೊಳಗಿನ ಸರಳಿಗೆ ತಲುಪಿದರೆ ಸರಳು ತುಕ್ಕು ಹಿಡಿದು ದಪ್ಪವಾಗುತ್ತದೆ, ಸ್ಲ್ಯಾಬಿನ ಹೊಟ್ಟೆ ಬಿರಿದು ಚಕ್ಕೆ ಉದುರುತ್ತದೆ. ತಾರಸಿಯವರ ಬೇಸಿಗೆ ಕೆಲಸ ಅದೇ: ಬಿರುಕು ಈಗಲೇ ಹುಡುಕಿ ತುಂಬುವುದು, ನೀರು ಹೋಗುವ ಕೊಳವೆಯ ಬಾಯಿ ಬಿಡಿಸುವುದು. ನಾನು ನಗುವುದಿಲ್ಲ. ಅವರ ಮಾಡಿನ ಮೇಲೆ ಮಂಗ ಕುಣಿದರೆ ಏನೂ ಒಡೆಯುವುದಿಲ್ಲವಲ್ಲ, ಆ ಸುಖ ನಮಗಿಲ್ಲ.

ಗೋಡೆಯ ವಿಷಯದಲ್ಲಿ ನಾನು ಒಮ್ಮೆ ಮೋಸಹೋದೆ, ಅದನ್ನೂ ಹೇಳುತ್ತೇನೆ. ಮನೆಯ ಗೋಡೆ ಚಿರೆಕಲ್ಲಿನದು, ಮೇಲೆ ಸುಣ್ಣದ ಗಿಲಾಯಿ. ಮೊದಲೆಲ್ಲ ಪ್ರತಿ ಬೇಸಿಗೆ ಸುಣ್ಣ ಬಳಿಯುತ್ತಿದ್ದರು. ಅಳಿವೆಯ ಬಳಚಿನ ಚಿಪ್ಪು ಸುಟ್ಟ ಸುಣ್ಣ. ಹಂಡೆಯಲ್ಲಿ ಹಾಕಿ ನೀರು ಹೊಯ್ದರೆ ಬೆಂಕಿಯಿಲ್ಲದೆ ಕೊತಕೊತ ಕುದಿಯುವುದನ್ನು ನೋಡಲು ಮಕ್ಕಳು ಸುತ್ತ ನಿಲ್ಲುತ್ತಿದ್ದರು, ಅತ್ತೆ ಕೋಲು ಹಿಡಿದು ಓಡಿಸುತ್ತಿದ್ದರು. ಮಗನ ಉಪನಯನದ ವರ್ಷ, ಪ್ರತಿವರ್ಷದ ಈ ಗೋಳು ಬೇಡ ಎಂದು ಪೇಟೆಯ ಗುತ್ತಿಗೆದಾರನೊಬ್ಬನ ಮಾತು ಕೇಳಿ "ನೀರು ತಡೆಯುವ" ಬಣ್ಣ ಹೊಡೆಸಿದೆವು. ಏಳು ವರ್ಷ ಏನೂ ಮಾಡಬೇಕಾಗಿಲ್ಲ ಎಂದಿದ್ದ. ಮೊದಲ ಮಳೆಗಾಲ ಮುಗಿಯುವುದರೊಳಗೆ ಸೊಂಟದೆತ್ತರದವರೆಗೆ ಬಣ್ಣ ಗುಳ್ಳೆಯೆದ್ದಿತು. ಒತ್ತಿದರೆ ಒಳಗಿಂದ ಬಿಳಿ ಪುಡಿ, ನಾಲಿಗೆಗೆ ತಾಗಿಸಿದರೆ ಉಪ್ಪು.

ಆಗಿದ್ದು ಏನೆಂದರೆ, ಚಿರೆಕಲ್ಲು ಮೈತುಂಬ ತೂತಿರುವ ಕಲ್ಲು. ನೆಲದ ತೇವವನ್ನು ಬತ್ತಿಯ ಹಾಗೆ ಮೇಲಕ್ಕೆಳೆಯುತ್ತದೆ. ತೇವದ ಜೊತೆ ಉಪ್ಪೂ ಬರುತ್ತದೆ. ಸುಣ್ಣದ ಗೋಡೆ ಉಸಿರಾಡುತ್ತದೆ, ತೇವ ಹೊರಗೆ ಹೋಗುತ್ತದೆ, ಉಪ್ಪು ಮೇಲೆ ಹೂವಿನಂತೆ ಉಳಿಯುತ್ತದೆ, ಪೊರಕೆಯಲ್ಲಿ ಗುಡಿಸಿದರಾಯಿತು. ಪ್ಲಾಸ್ಟಿಕ್ಕಿನಂಥ ಬಣ್ಣ ಹೊಡೆದರೆ ಅದೇ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಬಣ್ಣವನ್ನು, ಅದರ ಜೊತೆ ಗಿಲಾಯಿಯನ್ನೂ ದೂಡುತ್ತದೆ. ನೀರು ತಡೆಯುವ ಬಣ್ಣ ನೀರನ್ನು ತಡೆದದ್ದು ಹೌದು, ಒಳಗಡೆಗೆ. ಎರಡು ಬೇಸಿಗೆ ಕೂತು ಕೆರೆದು ತೆಗೆದೆವು. ಈಗ ಮತ್ತೆ ಸುಣ್ಣ.

ಸುಣ್ಣಕ್ಕೂ ಹದ ಇದೆ. ಸುಟ್ಟ ಚಿಪ್ಪು ನೀರಿನಲ್ಲಿ ಅರಳಿ, ಗೋಡೆಗೆ ಬಂದ ಮೇಲೆ ನಿಧಾನಕ್ಕೆ ಗಾಳಿ ಕುಡಿದು ಮತ್ತೆ ಚಿಪ್ಪಿನ ಗಟ್ಟಿತನಕ್ಕೇ ಮರಳುತ್ತದೆ. ಆ ಸಮಯ ಅದಕ್ಕೆ ಕೊಡಬೇಕು. ಏಪ್ರಿಲಿನ ನಡುಹಗಲಿನಲ್ಲಿ ಕಾದ ಗೋಡೆಗೆ ಬಳಿದರೆ ಕ್ಷಣದಲ್ಲಿ ಒಣಗಿ ಪುಡಿಯಾಗುತ್ತದೆ, ಒರಗಿದವರ ಬೆನ್ನೆಲ್ಲ ಬಿಳಿ. ಗೋಡೆಗೆ ಮೊದಲು ನೀರು ಚಿಮುಕಿಸಿ, ಬೆಳಿಗ್ಗೆಯೋ ಸಂಜೆಯೋ ತೆಳ್ಳಗೆ ಬಳಿಯಬೇಕು. ಮೂರು ತೆಳುವಾದ ಕೈ ಒಂದು ದಪ್ಪ ಕೈಗಿಂತ ಮೇಲು.

ತವರಿನಲ್ಲಿ ಈ ಕೆಲಸಕ್ಕೆ ಗಡುವು ಹಾಕುತ್ತಿದ್ದದ್ದು ಮಾರಿಕಾಂಬೆ. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯ ವರ್ಷ ನೆಂಟರು ಬರುತ್ತಾರೆಂದು ಸುಣ್ಣಬಣ್ಣ ಎಲ್ಲ ಬೇಗ ಮುಗಿಯುತ್ತಿತ್ತು. ಜಾತ್ರೆಯಿಲ್ಲದ ವರ್ಷ ಅದೇ ಕೆಲಸ ಮೇ ತಿಂಗಳವರೆಗೆ ಎಳೆಯುತ್ತಿತ್ತು. ಅಪ್ಪ ಅದಕ್ಕೆ, ನಮ್ಮನೆ ಗೋಡೆ ಮಾರಿಯಮ್ಮನ ಹೆದರಿಕೆಗೆ ನಿಂತಿದೆ ಎನ್ನುತ್ತಿದ್ದ.

ಮರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಬೇಗ ಮಾಡಿ ಮುಗಿಸಬಾರದು. ಒರಲೆ, ಅಂದರೆ ಗೆದ್ದಲು, ಹತ್ತಿದೆಯೇ ಎಂದು ನೋಡಲು ಈಗ ಒಳ್ಳೆಯ ಸಮಯ. ಗೋಡೆಯ ಮೇಲೆ, ಬಾಗಿಲ ಚೌಕಟ್ಟಿನ ಸಂದಿನಲ್ಲಿ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಗೆರೆ ಕಂಡರೆ ಅದನ್ನು ಒರೆಸಿ ಸುಮ್ಮನಾಗಬೇಡಿ. ಗೆರೆ ಎಲ್ಲಿಂದ ಹೊರಟಿದೆ ಎಂದು ನೆಲದವರೆಗೆ ಹಿಂಬಾಲಿಸಿ. ನಮ್ಮಲ್ಲಿ ಅದು ಹೊರಟದ್ದು ಬಚ್ಚಲ ಗೋಡೆಗೆ ತಾಗಿಸಿ ಒಟ್ಟಿದ್ದ ಕಟ್ಟಿಗೆಯಿಂದ. ಅಂದಿನಿಂದ ಕಟ್ಟಿಗೆ ಗೋಡೆಯಿಂದ ಒಂದು ಮಾರು ದೂರ, ಕೆಳಗೆ ಕಲ್ಲು. ಪಕಾಸಿನ ತುದಿಗಳಿಗೆ, ಬಾಗಿಲ ಬುಡಕ್ಕೆ ಗೇರೆಣ್ಣೆ ಹಚ್ಚುತ್ತೇವೆ, ಗೇರುಬೀಜದ ಸಿಪ್ಪೆಯ ಎಣ್ಣೆ. ದೋಣಿಗೆ ಹಚ್ಚುವ ಅದೇ ಎಣ್ಣೆ. ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ, ಕೈಗವಸು ಹಾಕದೆ ಮುಟ್ಟಬಾರದು. ನನ್ನ ಮೊಣಕೈಯಲ್ಲಿ ಇನ್ನೂ ಒಂದು ಕಪ್ಪು ಕಲೆಯಿದೆ.

ಒಂದು ಗಮನಿಸಿದ್ದೇನೆ. ಹಳೆಯ ಅಡುಗೆಮನೆಯ ಮಾಡಿನ ಮರ, ಕಟ್ಟಿಗೆ ಒಲೆಯ ಹೊಗೆ ಕುಡಿದು ಕುಡಿದು ಕಪ್ಪಾದದ್ದು, ಇಂದಿಗೂ ಹುಳ ಬಿದ್ದಿಲ್ಲ. ಗ್ಯಾಸ್ ಬಂದ ಮೇಲೆ ಕಟ್ಟಿಸಿದ ಹೊಸ ಅಡುಗೆಮನೆಯ ರೀಪು ಹತ್ತು ವರ್ಷಕ್ಕೇ ಹಿಟ್ಟು ಸುರಿಸತೊಡಗಿತು. ಹಾಗಂತ ಮರ ಉಳಿಸಲಿಕ್ಕೆ ಮತ್ತೆ ಹೊಗೆಯೊಳಗೆ ಕೂತು ಅಡುಗೆ ಮಾಡುವವಳು ನಾನಲ್ಲ. ಆ ಹೊಗೆಯನ್ನು ಐವತ್ತು ವರ್ಷ ಅತ್ತೆಯ ಕಣ್ಣೂ ಕುಡಿದಿದೆ.

ಮನೆಯ ಹಿಂಬದಿಗೆ ಮೊದಲೆಲ್ಲ ಬೇಸಿಗೆಯಲ್ಲಿ ಒಂದು ದಿನ ಸಾಕಾಗುತ್ತಿತ್ತು. ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ, ಅದರ ಬುಡದ ಕಾಲುವೆಯಲ್ಲಿ ತುಂಬಿದ ತರಗೆಲೆ, ಮಣ್ಣು ಎತ್ತಿದರೆ ಮುಗಿಯಿತು. ಈಗ ಅಲ್ಲಿ ನಿಂತು ಬಹಳ ಹೊತ್ತು ಮೇಲೆ ನೋಡುತ್ತೇವೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜಾರಿ ತೋಟ ಮನೆ ಎಲ್ಲ ಹೋಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಇಳಿದು ಗಂಗಾವಳಿ ಸೇರಿತು. ಆ ರಸ್ತೆಯಲ್ಲಿ ನಾವೆಲ್ಲ ಎಷ್ಟು ಸಲ ಓಡಾಡಿದವರು. ಆಮೇಲೆ ಈ ಜಿಲ್ಲೆಯಲ್ಲಿ ಮನೆಯ ಹಿಂದೆ ಧರೆ ಇದ್ದವರು ಯಾರೂ ಆಷಾಢದ ರಾತ್ರಿ ಮೊದಲಿನ ಹಾಗೆ ನಿದ್ದೆ ಮಾಡಿಲ್ಲ.

ಧರೆಯ ಬುಡದ ಕಾಲುವೆಗಿಂತ ತಲೆಯ ಕಾಲುವೆ ಮುಖ್ಯ ಎಂದು ನಮಗೆ ತಡವಾಗಿ ಗೊತ್ತಾಯಿತು. ಮೇಲಿನ ಗುಡ್ಡದಿಂದ ಹರಿದು ಬರುವ ನೀರು ಧರೆಯೊಳಗೆ ಇಳಿಯದ ಹಾಗೆ, ಅಂಚಿನಿಂದ ಹಿಂದೆ ಸರಿದು ಒಂದು ಕಾಲುವೆ ತೋಡಿ ನೀರನ್ನು ಪಕ್ಕಕ್ಕೆ ಒಯ್ಯಬೇಕು. ಬೇಸಿಗೆಯಲ್ಲಿ ನೆಲ ಒಣಗಿ ಬಿಟ್ಟ ಬಿರುಕುಗಳಿಗೆ ಜಿಗುಟು ಮಣ್ಣು ತುಂಬಿ ಗುದ್ದಬೇಕು. ಮರ ಓರೆಯಾಗಿದೆಯೇ, ಹೋದ ವರ್ಷ ಇಲ್ಲದ ಕಡೆ ಒರತೆ ಬಂದಿತ್ತೇ, ಇದನ್ನೂ ಪಟ್ಟಿಯಲ್ಲಿ ಬರೆದಿಡುತ್ತೇನೆ. ಮೊದಲ ಮಳೆ ಬಿದ್ದ ಮೇಲೆ ಅಂಚಿಗೆ ಲಾವಂಚ ನೆಡುತ್ತೇವೆ, ಅದರ ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ಇಷ್ಟು ಮಾಡಿಯೂ ರೆಡ್ ಅಲರ್ಟ್ ಬಂದ ರಾತ್ರಿ ಅತ್ತೆಯ ಮಂಚ ಹಿಂಬದಿಯ ಕೋಣೆಯಿಂದ ಜಗಲಿಗೆ ಬರುತ್ತದೆ. "ಎನ್ನ ಎಂತಕ್ಕೆ ದೇಶಾಂತರ ಮಾಡ್ತ್ರಿ" ಎಂದು ಗೊಣಗುತ್ತಾರೆ. ಗೊಣಗಲಿ.

ಬಾವಿಯ ಕೆಸರು ತೆಗೆಯುವುದು ನೀರು ತೀರ ತಳಕ್ಕೆ ಹೋದ ವೈಶಾಖದಲ್ಲಿ. ಅಳಿವೆ ಹತ್ತಿರವಾದ್ದರಿಂದ ಆಗ ಪಂಪು ಜಾಸ್ತಿ ಹೊತ್ತು ಓಡಿಸಿದರೆ ಸಿಹಿನೀರಿನ ಅಡಿಯ ಉಪ್ಪುನೀರು ಮೇಲೆ ಬರುತ್ತದೆ, ಚಹಾ ಕೆಟ್ಟಾಗ ಗೊತ್ತಾಗುತ್ತದೆ. ಯಾರನ್ನೇ ಆಗಲಿ, ಎಷ್ಟೇ ಅನುಭವಸ್ಥನಾಗಲಿ, ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಇಬ್ಬರು ನಿಲ್ಲದೆ ಬಾವಿಗೆ ಇಳಿಸಬೇಡಿ. ದೀಪ ಇಳಿಸಿ ನೋಡುವುದು ಹಳೆಯ ರೂಢಿ. ದೀಪ ಆರಿದರೆ ಇಳಿಯಲೇಬಾರದು, ಆದರೆ ಆರಲಿಲ್ಲ ಎಂದ ಮಾತ್ರಕ್ಕೆ ಒಳಗೆ ಬೇರೆ ವಿಷಗಾಳಿ ಇಲ್ಲ ಎಂದೂ ಅಲ್ಲ.

ಕರೆಂಟಿನದು ಎರಡೇ ಮಾತು. ಅರ್ತಿಂಗ್ ಗುಂಡಿಯ ಮಣ್ಣು ಬೇಸಿಗೆಯಲ್ಲಿ ಒಣಗಿ ಹೋದರೆ ಅರ್ತಿಂಗ್ ಇದ್ದೂ ಇಲ್ಲದ ಹಾಗೆ. ಗುಡುಗು ಸಿಡಿಲಿನ ಮಳೆ ಬರುವುದು ಅದೇ ಏಪ್ರಿಲ್, ಮೇಯಲ್ಲಿ. ಹಾಗಾಗಿ ಹೂಕುಂಡಕ್ಕೆ ನೀರು ಹಾಕುವಾಗ ಅದಕ್ಕೂ ಒಂದು ಕೊಡ. ಇನ್ನು ಮೀಟರ್ ಪೆಟ್ಟಿಗೆಯಲ್ಲಿ ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು ಇದ್ದರೆ ಅದಕ್ಕೆ ಟೆಸ್ಟ್ ಎಂದು ಬರೆದ ಗುಂಡಿ ಇರುತ್ತದೆ, ಒತ್ತಿದರೆ ಸ್ವಿಚ್ಚು ಟಪ್ ಎಂದು ಬೀಳಬೇಕು. ಬೀಳದಿದ್ದರೆ ಗೋಡೆ ತೊಯ್ದ ದಿನವೂ ಅದು ಬೀಳುವುದಿಲ್ಲ.

ಈ ಎಲ್ಲ ಕೆಲಸಕ್ಕೆ ಹಿರಿಯರು ಕೊಟ್ಟ ಗಡುವು ಮಿರ್ಗ, ಮೃಗಶಿರಾ ಮಳೆ. ಅಂದರೆ ಜೂನ್ 7, 8. ಮೇ ತಿಂಗಳು ಪೂರ್ತಿ ಕೈಯಲ್ಲಿದೆ ಎನ್ನುವ ಲೆಕ್ಕ. ಆ ಲೆಕ್ಕ ನಂಬಿ ನಾವು 2021ರಲ್ಲಿ ಕೆಟ್ಟೆವು. ಮೇ ಮಧ್ಯದಲ್ಲಿ ಪಡುವಣ ಮಾಡಿನ ಹಂಚು ಅರ್ಧ ಇಳಿಸಿ ಅಂಗಳದಲ್ಲಿ ಒಟ್ಟಿದ್ದೆವು, ರೀಪು ಬರಬೇಕಿತ್ತು. ಅಷ್ಟರಲ್ಲಿ ತೌಕ್ತೆ ಚಂಡಮಾರುತ. ಅದು ನೆಲ ಮುಟ್ಟಿದ್ದು ಮೇ 17ಕ್ಕೆ ದೂರದ ಗುಜರಾತಿನಲ್ಲಿ, ಆದರೆ ನಮ್ಮ ಕರಾವಳಿಯನ್ನು ತಾಗಿಕೊಂಡೇ ಹೋಯಿತು. ಕಟ್ಟಿದ್ದ ನೀಲಿ ತಾಡಪಾಲು ರಾತ್ರಿ ಎರಡು ಗಂಟೆಗೆ ಬಿಚ್ಚಿಕೊಂಡು ಪಟಪಟ ಬಡಿಯುತ್ತ ತೆಂಗಿನ ತಲೆಗೆ ಹೋಗಿ ಕೂತಿತು. ಬೆಳಗಾಗುವವರೆಗೆ ನಾವು ನಾಲ್ವರು ಅಕ್ಕಿಯ ಚೀಲ, ಹಾಸಿಗೆ, ಮಗನ ಪುಸ್ತಕ ಹೊರುತ್ತಲೇ ಇದ್ದೆವು. ಅದು ಸಾಲದೆಂಬಂತೆ ಲಾಕ್‌ಡೌನ್, ಕೆಲಸದವರು ಬರುವ ಹಾಗಿಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದು 26ಕ್ಕೆ ಮುಂಬೈ ಮುಟ್ಟಿತು. 2009ರ ನಂತರ ಕೇರಳಕ್ಕೆ ಅಷ್ಟು ಬೇಗ ಬಂದದ್ದೇ ಇಲ್ಲ. 26ಕ್ಕೆ ಮುಂಬೈ ಎಂದರೆ ನಡುವಿನ ನಾವೆಲ್ಲ ಅಷ್ಟರಲ್ಲೇ ಒದ್ದೆ. ಅಂಗಳದಲ್ಲಿ ಹಲಸಿನ ಹಪ್ಪಳ ಹಾಸಿದ್ದವರು ಅದನ್ನು ಕೋಣೆಯೊಳಗೆ ಫ್ಯಾನಿನ ಕೆಳಗೆ ಒಣಗಿಸಿದರು. ಸಾಣಿಕಟ್ಟೆಯಲ್ಲಿ ಕಡಲ ನೀರು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಉಪ್ಪಿನಾಗರದವರಿಗೆ ಮಳೆ ಎರಡು ವಾರ ಮುಂಚೆ ಬಂದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ನಮ್ಮ ಮನೆಯಲ್ಲಿ ಗಡುವು ಈಗ ಯುಗಾದಿ. ಬೇವುಬೆಲ್ಲದ ಹೊತ್ತಿಗೆ ಮಾಡಿನ ಕೆಲಸ ಮುಗಿದಿರಬೇಕು. ಸುಣ್ಣ, ಗೇರೆಣ್ಣೆ, ಕಾಲುವೆ ಆಮೇಲೆ ನಿಧಾನಕ್ಕೆ ಆಗಲಿ. ಹೀಗೆ ಮುಂಚೆ ಮಾಡುವುದರಲ್ಲಿ ಒಂದು ಲಾಭವೂ ಇದೆ. ಏಪ್ರಿಲಿನಲ್ಲಿ ಹಂಚಿನವನ ಹಿಂದೆ ಇಡೀ ಊರು ಬಿದ್ದಿರುತ್ತದೆ. ಫಾಲ್ಗುಣದಲ್ಲಿ ಕರೆದರೆ ಅವನಿಗೇ ಆಶ್ಚರ್ಯ, ಮರುದಿನವೇ ಬರುತ್ತಾನೆ.

ಈ ಸಲವೂ ಬಂದ. ಪಟ್ಟಿ ಓದಿ ಹೇಳಿದೆ. ದೇವರ ಕೋಣೆಯದು ಹತ್ತು ನಿಮಿಷದಲ್ಲಿ ಸಿಕ್ಕಿತು, ಜಗಲಿಯದು ಅಂಚಿನ ಮೂರು ಹಂಚು ಸರಿದದ್ದು. ನಡುಮನೆ ಕಂಬದ್ದು ಮಾತ್ರ ಸಿಗಲಿಲ್ಲ. ಕತ್ತಲೆ ಮಾಡಿ ನೋಡಿದೆವು, ಒಂದು ಚುಕ್ಕಿ ಬೆಳಕಿಲ್ಲ. ಸಾಲು ತಗ್ಗಿಲ್ಲ. ಹಂಚು ತಟ್ಟಿ ನೋಡಿದ, ಎಲ್ಲ ಗಂಟೆಯ ಹಾಗೆ ಸದ್ದು ಮಾಡಿದವು. "ಬರೆದದ್ದು ಸರಿ ಅದ್ಯಾ ಅಮ್ಮ?" ಎಂದ. ನನಗೂ ಅನುಮಾನ ಬಂತು. ಯಾರೋ ನೀರಿನ ತಂಬಿಗೆ ಚೆಲ್ಲಿದ್ದನ್ನೇ ಬರೆದಿರಬಹುದೇ?

"ನೀರ್ ಹೊಯ್ದು ನೋಡಿ" ಎಂದರು ಅತ್ತೆ, ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತ.

ಏಣಿಯ ಮೇಲೆ ನಮ್ಮವರು, ಮಾಡಿನ ಮೇಲೆ ಹಂಚಿನವನು, ಕಂಬದ ಬುಡದಲ್ಲಿ ಟಾರ್ಚ್ ಹಿಡಿದು ನಾನು. ಕೆಳಗಿನ ಸಾಲಿನಿಂದ ಶುರುಮಾಡಿ ಒಂದೊಂದೇ ಸಾಲು ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಸಾಲಿಗೂ ಇಳಿದು ಯಾವುದೆಂದೇ ತಿಳಿಯುವುದಿಲ್ಲ. ಒಂದು ಕೊಡ. ಹಂಚು ಕಾದಿದ್ದಕ್ಕೆ ಚುರ್ ಎಂದ ಸದ್ದು, ಮೊದಲ ಮಳೆಯ ವಾಸನೆ.

"ಬಂತಾ?"

"ಇಲ್ಲ."

ಎರಡನೆಯದು, ಮೂರನೆಯದು. ಆರನೇ ಕೊಡಕ್ಕೆ ಅತ್ತೆ, ಈ ಬಿಸಿಲಿಗೆ ಬಾವಿ ನೀರೆಲ್ಲ ಮಾಡಿಗೆ ಹೊಯ್ದರೆ ಮೇ ತಿಂಗಳಲ್ಲಿ ಎಂತ ಕುಡಿಯುವುದು ಎಂದು ಕೇಳಿದರು. ನೀವೇ ಹೇಳಿದ್ದಲ್ಲವೇ ಎಂದೆ. ಹೇಳಿದ್ದು ಎರಡು ಕೊಡಕ್ಕೆ ಎಂದರು.

ಎಂಟನೇ ಸಾಲು. ಕೊಡ ಬರಿದಾಯಿತು. ಏನೂ ಇಲ್ಲ. ಹಂಚಿನವನು ಇಳಿಯಲು ಏಣಿಯ ಕಡೆ ತಿರುಗಿದ. ನಾನು ಟಾರ್ಚ್ ಆರಿಸಿದೆ. ಆಗ ಕಂಬದ ಮೈಯಲ್ಲಿ, ನನ್ನ ಕಣ್ಣಿನ ಎತ್ತರಕ್ಕೆ, ಒಂದು ಹನಿ ಹೊಳೆಯುತ್ತ ಇಳಿಯುತ್ತಿತ್ತು. ಪಕಾಸಿನಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಅಷ್ಟು ದೂರ ನಡೆದು ಬಂದಿದ್ದಕ್ಕೆ ಅಷ್ಟು ಹೊತ್ತು.

"ಇಳೀಬೇಡ ಮಾರಾಯಾ," ಕೂಗಿದೆ, "ಅಲ್ಲೇ ಇನ್ನೊಂದು ಕೊಡ ಹೊಯ್ಯಿ."